ಗಡಿ ದಾಟಿ ಪಾರಾಗುವವನ ಕತೆ ಬರೆಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಬೆನ್ನಟ್ಟಿ ಬರುವವರ ಕೈಗೆ ಸಿಕ್ಕದೆ ಒಬ್ಬ ಮನುಷ್ಯ ಗಡಿಯತ್ತ ಓಡುತ್ತಾನೆ ಎಂಬುದು ಕತೆಗಾರರಿಗೆ ಎಂದೂ ಹಳತಾಗದ ವಸ್ತು. ಅವನು ತಪ್ಪಿತಸ್ಥನೋ ನಿರಪರಾಧಿಯೋ ಎಂದು ತಿಳಿಯುವ ಮೊದಲೇ ಓದುಗರು ಅವನ ಪಕ್ಷ ಸೇರಿರುತ್ತಾರೆ. ಆದರೆ ಬಸವನಗುಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಗೆಳೆಯರ ಗುಂಪಿನಲ್ಲಿ ಇಂಥ ಹಸ್ತಪ್ರತಿಗಳನ್ನು ಹಲವು ವರ್ಷಗಳಿಂದ ಓದುತ್ತ ಬಂದಿರುವ ನನಗೆ, ಇವುಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಕುಸಿಯುವುದು ಕಾಣುತ್ತದೆ. ಗಡಿಯ ತನಕ ಕತೆ ಚೆನ್ನಾಗಿಯೇ ಬಂದಿರುತ್ತದೆ. ಗಡಿ ಬಂದ ಕೂಡಲೇ ನಾಯಕ ಒಂದು ಕಲ್ಲನ್ನು ದಾಟುತ್ತಾನೆ, ಅಟ್ಟಿಸಿಕೊಂಡು ಬಂದವರು ಈಚೆ ಕಡೆ ನಿಂತುಬಿಡುತ್ತಾರೆ, ಕತೆ ಮುಗಿಯುತ್ತದೆ. ಅವರು ಏಕೆ ನಿಂತರು ಎಂದು ಕೇಳಿದರೆ ಬರೆದವರ ಬಳಿ ಉತ್ತರವಿರುವುದಿಲ್ಲ.

ಆ ಉತ್ತರವನ್ನು ಹುಡುಕುವ ಬಗೆಯೇ ಈ ಬರಹದ ವಿಷಯ. ಗಡಿ ಎಲ್ಲರನ್ನೂ ಒಂದೇ ರೀತಿ ತಡೆಯುವುದಿಲ್ಲ. ಅದು ಕೆಲವು ಕೈಗಳನ್ನು ತಡೆಯುತ್ತದೆ, ಕೆಲವನ್ನು ನಿಧಾನ ಮಾಡುತ್ತದೆ, ಇನ್ನು ಕೆಲವು ಕೈಗಳಿಗೆ ಗಡಿಯ ಅರಿವೇ ಇರುವುದಿಲ್ಲ. ಯಾವ ಕೈ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡ ಲೇಖಕರಿಗೆ ಕತೆಯ ಅರ್ಧ ಭಾಗ ತಾನಾಗಿಯೇ ಸಿಕ್ಕಿಬಿಡುತ್ತದೆ. ಉದಾಹರಣೆಗಳನ್ನು ಆದಷ್ಟೂ ಬೆಂಗಳೂರು ಮತ್ತು ಅದರ ಸುತ್ತಮುತ್ತಲಿನಿಂದಲೇ ತೆಗೆದುಕೊಂಡಿದ್ದೇನೆ. ನಮ್ಮ ಊರಿನಿಂದ ತಮಿಳುನಾಡಿನ ಹೊಸೂರು ಸುಮಾರು 40 ಕಿಲೋಮೀಟರ್ ದೂರದಲ್ಲಿದೆ, ಉತ್ತರಕ್ಕೆ ಹೋದರೆ ಬಾಗೇಪಲ್ಲಿಯ ಆಚೆ ಆಂಧ್ರಪ್ರದೇಶವಿದೆ. ಗಡಿಯ ಕತೆಗಾಗಿ ನಾವು ಹಿಮಾಲಯಕ್ಕೆ ಹೋಗಬೇಕಾಗಿಲ್ಲ.

ಮೊದಲ ಹೆಜ್ಜೆ: ಬೆನ್ನಟ್ಟುವವರ ಪಟ್ಟಿ ಮಾಡಿ

ಕತೆಯ ಒಂದು ಸಾಲನ್ನೂ ಬರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು, ನಿಮ್ಮ ಪಾತ್ರವನ್ನು ಹಿಡಿಯಬಯಸುವವರು ಯಾರು ಯಾರು ಎಂದು ಬರೆಯಿರಿ. ಪೊಲೀಸರು ಎಂದು ಒಂದೇ ಪದ ಬರೆದು ಬಿಡಬೇಡಿ. ಯಾವ ಠಾಣೆಯ ಪೊಲೀಸರು, ಅವರ ಮೇಲಿನ ಅಧಿಕಾರಿ ಯಾರು, ಅವರಲ್ಲದೆ ಸಾಲ ಕೊಟ್ಟವನಿದ್ದಾನೆಯೇ, ಹುಡುಗಿಯ ಕಡೆಯವರಿದ್ದಾರೆಯೇ, ಊರಿನ ಪಟೇಲನಿದ್ದಾನೆಯೇ ಎಂದು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಬರೆಯಿರಿ. ನಂತರ ಪ್ರತಿಯೊಂದು ಹೆಸರಿನ ಮುಂದೆ, ಗಡಿ ಇವರನ್ನು ತಡೆಯುತ್ತದೆಯೇ ಎಂಬ ಪ್ರಶ್ನೆ ಹಾಕಿಕೊಳ್ಳಿ.

ನಮ್ಮ ಗುಂಪಿನ ಒಬ್ಬ ತರುಣಿ ಬರೆದ ಕತೆಯಲ್ಲಿ ಮನೆಯವರ ವಿರೋಧಕ್ಕೆ ಹೆದರಿ ಆನೇಕಲ್ಲಿನ ಜೋಡಿಯೊಂದು ರಾತ್ರೋರಾತ್ರಿ ಹೊಸೂರಿಗೆ ಓಡಿಹೋಗುತ್ತದೆ, ಅಲ್ಲಿ ನೆಮ್ಮದಿಯಾಗಿ ಬಾಳುತ್ತದೆ. ಓದಿದ ಎಲ್ಲರಿಗೂ ಏನೋ ಕೊರತೆ ಅನ್ನಿಸಿತು. ಆನೇಕಲ್, ಅತ್ತಿಬೆಲೆ ಕಡೆಯ ಮನೆಗಳ ನೆಂಟಸ್ತಿಕೆ ಹೊಸೂರು, ಡೆಂಕಣಿಕೋಟೆಯವರೆಗೂ ಹಬ್ಬಿರುತ್ತದೆ. ಸರ್ಕಾರದ ಕೈ ನಿಲ್ಲುವ ಜಾಗದಲ್ಲಿ ಸೋದರಮಾವನ ಕೈ ನಿಲ್ಲುವುದಿಲ್ಲ. ಆ ಜೋಡಿಗೆ ಹೊಸೂರಿಗಿಂತ ಬೆಂಗಳೂರಿನ ಯಾವುದೋ ಮೂಲೆಯ ಬಾಡಿಗೆ ಕೋಣೆಯೇ ಹೆಚ್ಚು ಕ್ಷೇಮ. ಇದನ್ನು ಚರ್ಚಿಸಿದ ಮೇಲೆ ಆಕೆ ಕತೆಯ ದಿಕ್ಕನ್ನೇ ತಿರುಗಿಸಿದರು, ಕತೆ ಮೊದಲಿಗಿಂತ ಬಹಳ ಗಟ್ಟಿಯಾಯಿತು.

ನಮ್ಮ ಪೊಲೀಸ್ ಠಾಣೆಗಳಲ್ಲಿ ದಿನವೂ ಕೇಳಿಬರುವ ‘ಸರಹದ್ದು’ ಎಂಬ ಪದವನ್ನು ಇಲ್ಲಿ ನೆನಪಿಸಬೇಕು. ರಸ್ತೆಯ ಈ ಬದಿ ಒಂದು ಠಾಣೆಯ ಸರಹದ್ದು, ಆ ಬದಿ ಇನ್ನೊಂದು ಠಾಣೆಯದು. ದೇಶದ ಗಡಿಗೂ ಇದಕ್ಕೂ ಗಾತ್ರದಲ್ಲಿ ವ್ಯತ್ಯಾಸವಿದೆಯಾದರೂ ಗುಣ ಒಂದೇ: ಒಬ್ಬರ ಹೊಣೆ ಮುಗಿದು ಇನ್ನೊಬ್ಬರ ಹೊಣೆ ಶುರುವಾಗುವ ಜಾಗ ಅದು, ಮತ್ತು ಆ ಎರಡರ ನಡುವಿನ ಸಂದಿನಲ್ಲಿಯೇ ತಲೆಮರೆಸಿಕೊಂಡವನು ಉಸಿರಾಡುತ್ತಾನೆ.

ಎರಡನೆಯ ಹೆಜ್ಜೆ: ಇಸವಿಯನ್ನು ಗಟ್ಟಿ ಮಾಡಿಕೊಳ್ಳಿ

ಇದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಒಂದೇ ಗಡಿ, ಒಂದೇ ಕಲ್ಲು, ಒಂದೇ ಹೊಳೆ, ಆದರೆ ಇಸವಿ ಬದಲಾದರೆ ಅದರ ಅರ್ಥ ಪೂರ್ತಿ ಬದಲಾಗುತ್ತದೆ.

ಬೆಂಗಳೂರನ್ನೇ ತೆಗೆದುಕೊಳ್ಳಿ. 1881ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂತಿರುಗಿಸಿದಾಗ ದಂಡು ಪ್ರದೇಶವನ್ನು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ತಮ್ಮ ಆಡಳಿತದಲ್ಲೇ ಉಳಿಸಿಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಪೇಟೆಯ ಮತ್ತು ದಂಡಿನ ಪುರಸಭೆಗಳು ಒಂದಾಗಿ ನಗರ ಪಾಲಿಕೆಯಾದದ್ದು 1949ರಲ್ಲಿ. ಅಂದರೆ ಅರವತ್ತಕ್ಕೂ ಹೆಚ್ಚು ವರ್ಷಗಳ ಕಾಲ, ಚಿಕ್ಕಪೇಟೆಯಿಂದ ಹೊರಟ ಒಬ್ಬ ಮನುಷ್ಯ ಕಬ್ಬನ್ ಪಾರ್ಕಿನ ಮರಗಳ ನಡುವೆ ನಡೆದು ಶಿವಾಜಿನಗರ ಕಡೆಗೆ ಹೋದರೆ, ಒಂದು ಆಡಳಿತದಿಂದ ಇನ್ನೊಂದು ಆಡಳಿತಕ್ಕೆ ದಾಟಿದಂತಾಗುತ್ತಿತ್ತು. ಈ ಕಡೆ ಮಹಾರಾಜರ ಸರ್ಕಾರ, ಆ ಕಡೆ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟರ ಆಳ್ವಿಕೆ. ಗಡಿ ದಾಟುವ ಕತೆಗೆ ಇದಕ್ಕಿಂತ ಹತ್ತಿರದ ನೆಲ ಎಲ್ಲಿದೆ? ಹೀಗಿದ್ದರೂ ನಮ್ಮ ಕತೆಗಾರರು ಈ ನೆಲವನ್ನು ಬಳಸಿಕೊಂಡಿರುವುದು ತೀರ ಕಡಿಮೆ ಎಂಬುದು ನನ್ನ ಬೇಸರ. ಅರ್ಧ ಗಂಟೆಯ ನಡಿಗೆಯಲ್ಲಿ ಮುಗಿಯುವ ಗಡಿ ಇದು. ಅಲ್ಲಿ ಓಟ ಬೇಕಿಲ್ಲ, ಸಾವಕಾಶವಾಗಿ ಹೆಜ್ಜೆ ಹಾಕುವ ಧೈರ್ಯ ಬೇಕು.

ಇನ್ನೊಂದು ಉದಾಹರಣೆ, ಈ ಬರಹದ ಉದ್ದಕ್ಕೂ ನಾನು ಮತ್ತೆ ಮತ್ತೆ ಮರಳುವಂಥದ್ದು. 1938ರ ಏಪ್ರಿಲ್ 25ರಂದು, ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅಲ್ಲಿಂದ ಒಬ್ಬ ಹಳ್ಳಿಶಾಲೆಯ ಮೇಷ್ಟ್ರು ತಪ್ಪಿಸಿಕೊಂಡು ಹಿಂದೂಪುರದ ಕಡೆಗೆ ಹೊರಡುತ್ತಾನೆಂದು ಕಲ್ಪಿಸಿಕೊಳ್ಳಿ. ಹಿಂದೂಪುರ ಆಗ ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಗೆ ಸೇರಿತ್ತು, ಬ್ರಿಟಿಷ್ ಇಂಡಿಯಾದ ಭಾಗ. ಬ್ರಿಟಿಷರ ನೆಲಕ್ಕೆ ಓಡುವುದು ಮೂರ್ಖತನ ಎಂದು ಇಂದಿನ ಓದುಗರಿಗೆ ಅನ್ನಿಸಬಹುದು. ಆದರೆ 1937ರ ಜುಲೈಯಿಂದ 1939ರ ಅಕ್ಟೋಬರ್‌ವರೆಗೆ ಮದರಾಸಿನಲ್ಲಿ ಇದ್ದದ್ದು ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲ. ಯಾವ ಧ್ವಜಕ್ಕಾಗಿ ಮೇಷ್ಟ್ರು ಓಡಬೇಕಾಯಿತೋ ಆ ಧ್ವಜದ ಪಕ್ಷವೇ ಗಡಿಯ ಆಚೆ ಅಧಿಕಾರದಲ್ಲಿತ್ತು.

ಇದೇ ಮೇಷ್ಟ್ರನ್ನು ನಾಲ್ಕು ವರ್ಷ ಮುಂದಕ್ಕೆ, 1942ರ ಆಗಸ್ಟಿಗೆ ತನ್ನಿ. ಈಗ ಮದರಾಸಿನಲ್ಲಿ ಮಂತ್ರಿಮಂಡಲವಿಲ್ಲ, ಗವರ್ನರನ ಆಡಳಿತವಿದೆ, ಕಾಂಗ್ರೆಸ್ ನಾಯಕರು ಜೈಲಿನಲ್ಲಿದ್ದಾರೆ. ಅದೇ ಹೊಳೆ, ಅದೇ ದಾರಿ, ಅದೇ ಊರು. ಆದರೆ ಈಗ ಹಿಂದೂಪುರಕ್ಕೆ ಹೋಗುವುದೆಂದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಇಸವಿಯನ್ನು ಗಟ್ಟಿ ಮಾಡಿಕೊಳ್ಳದೆ ‘ಸ್ವಾತಂತ್ರ್ಯ ಹೋರಾಟದ ಕಾಲ’ ಎಂದಷ್ಟೇ ಬರೆದವರಿಗೆ ಈ ವ್ಯತ್ಯಾಸ ಸಿಗುವುದೇ ಇಲ್ಲ.

ಸಂಸ್ಥಾನದಿಂದ ಬ್ರಿಟಿಷ್ ಇಂಡಿಯಾಕ್ಕೆ ಹೋದವನನ್ನು ಮರಳಿ ಪಡೆಯಲು 1903ರ ಹಸ್ತಾಂತರ ಕಾಯ್ದೆಯಿತ್ತು ಎಂಬುದನ್ನೂ ಮರೆಯಬಾರದು. ಮೈಸೂರಿನ ಪೊಲೀಸನೊಬ್ಬ ಗಡಿಯಲ್ಲಿ ನಿಂತರೆ ಬೆನ್ನಟ್ಟುವಿಕೆ ನಿಂತಂತಲ್ಲ. ಅದು ಕಾಲಿನಿಂದ ಕಾಗದಕ್ಕೆ ಬದಲಾಯಿತು ಎಂದು ತಿಳಿಯಬೇಕು. ಕಾಗದ ನಿಧಾನವಾಗಿ ಬರುತ್ತದೆ, ಆದರೆ ಬರುತ್ತದೆ. ಆ ನಿಧಾನವೇ ನಿಮ್ಮ ಕತೆಯ ಎರಡನೆಯ ಭಾಗ.

ಇದೇ ರೀತಿ ಯೋಚಿಸಬಹುದಾದ ಇತರ ಗಡಿಗಳು ಬೇಕಾದಷ್ಟಿವೆ. 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು, ಕಾರವಾರದ ಮಗ್ಗುಲಲ್ಲೇ ಒಂದು ವಿದೇಶವಿತ್ತು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಮೊದಲು, ನಿಜಾಮನ ಪರ ನಿಂತ ಸಶಸ್ತ್ರ ಗುಂಪಾದ ರಜಾಕಾರರ ಹಾವಳಿಗೆ ಹೆದರಿ ಕೊಪ್ಪಳ, ರಾಯಚೂರು ಕಡೆಯ ಜನ ನಿಜಾಮನ ಸೀಮೆಯಿಂದ ಮುಂಬಯಿ ಪ್ರಾಂತ್ಯದ ಒಳಗೆ ದಾಟಿ ಬಂದರು. ಮುಂಡರಗಿಯಂಥ ಊರುಗಳಲ್ಲಿ ನಿಜಾಮನ ವಿರುದ್ಧ ಹೋರಾಡುವವರ ಗಡಿ ಶಿಬಿರಗಳು ನಡೆದವು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಆದ ಹಾಲಿ ಸಿಕ್ಕಾ ರೂಪಾಯಿ ಇತ್ತು. ಗಡಿ ದಾಟಿ ಬಂದವಳೊಬ್ಬಳು ಅಂಗಡಿಯಲ್ಲಿ ಮಗುವಿಗೆ ಬೆಲ್ಲ ಕೊಳ್ಳಲು ಸೆರಗಿನ ಗಂಟು ಬಿಚ್ಚಿದಾಗ ಅವಳ ಬಳಿ ಇರುವ ನಾಣ್ಯವೇ ಅವಳು ಎಲ್ಲಿಂದ ಬಂದವಳೆಂದು ಹೇಳಿಬಿಡುತ್ತದೆ. ಒಂದು ಇಡೀ ಅಧ್ಯಾಯಕ್ಕೆ ಆ ನಾಣ್ಯವೊಂದೇ ಸಾಕು.

ಮೂರನೆಯ ಹೆಜ್ಜೆ: ನೆಲವನ್ನು ಕಾಲಿನಿಂದ, ಆಕಾಶವನ್ನು ಪಂಚಾಂಗದಿಂದ ತಿಳಿಯಿರಿ

ಮೇಷ್ಟ್ರ ಕತೆಯನ್ನು ನಾನು ಮೊದಲ ಸಲ ಬರೆದಾಗ ಅವನು ಉತ್ತರ ಪಿನಾಕಿನಿಯನ್ನು ಈಜಿ ದಾಟುತ್ತಿದ್ದ. ತುಂಬಿದ ಹೊಳೆ, ಬೆನ್ನ ಹಿಂದೆ ದೀವಟಿಗೆಗಳು, ನೀರಿನಲ್ಲಿ ಮುಳುಗೇಳುವ ತಲೆ. ಬರೆಯುವಾಗ ನನಗೆ ಬಹಳ ಹಿಡಿಸಿತ್ತು. ಗೌರಿಬಿದನೂರು ಕಡೆಯ ಒಬ್ಬ ಹಿರಿಯರು ಅದನ್ನು ಓದಿ, ಹಸ್ತಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಮೃದುವಾಗಿ ಹೇಳಿದರು: “ಏಪ್ರಿಲ್ನಾಗೆ ಆ ಹೊಳೇಲಿ ನೀರೆಲ್ಲಿರುತ್ತಪ್ಪಾ? ನಾವು ಚಿಕ್ಕೋರಿದ್ದಾಗ ಮರಳಲ್ಲಿ ಒರತೆ ತೋಡಿ ಬಿಂದಿಗೆ ತುಂಬಿಸ್ಕಂಡು ಬರ್ತಿದ್ವಿ.”

ಆ ಒಂದು ಮಾತು ನನ್ನ ಇಡೀ ದೃಶ್ಯವನ್ನು ತೆಗೆದುಹಾಕಿತು, ಅದಕ್ಕಿಂತ ಒಳ್ಳೆಯ ದೃಶ್ಯವನ್ನು ಕೊಟ್ಟಿತು. ಬೇಸಿಗೆಯ ಹೊಳೆ ಮನುಷ್ಯನನ್ನು ಮುಳುಗಿಸುವುದಿಲ್ಲ. ಅದು ಅವನನ್ನು ಬಯಲಿಗೆ ತರುತ್ತದೆ. ಬಿಳಿ ಮರಳಿನ ಮೇಲೆ ನಡೆಯುವವನು ದೂರಕ್ಕೆ ಕಾಣುತ್ತಾನೆ, ಅವನ ಹೆಜ್ಜೆ ಗುರುತು ಬೆಳಗಾಗುವ ತನಕ ಉಳಿಯುತ್ತದೆ. ಮೇಲಾಗಿ ಪಿನಾಕಿನಿ ಅಲ್ಲಿ ಗಡಿಗೆ ಅಡ್ಡಲಾಗಿ ಮಲಗಿಲ್ಲ, ಗೌರಿಬಿದನೂರಿನ ಕಡೆಯಿಂದ ಹಿಂದೂಪುರದ ಕಡೆಗೆ ಹರಿದುಹೋಗುತ್ತದೆ. ಅದನ್ನು ದಾಟುವ ಪ್ರಶ್ನೆಯೇ ಇಲ್ಲ, ಅದರ ಒಡಲಲ್ಲೇ ನಡೆದುಕೊಂಡು ಹೋಗಬಹುದು. ಹತ್ತಿರದಲ್ಲೇ ರೈಲು ಹಳಿಯೂ ಅದೇ ದಿಕ್ಕಿಗೆ ಹೋಗುತ್ತದೆ. ಹಳಿಯ ಮೇಲೆ ನಡೆದರೆ ದಾರಿ ತಪ್ಪುವುದಿಲ್ಲ, ಆದರೆ ಎದುರಿಗೆ ಯಾರಾದರೂ ಸಿಗುತ್ತಾರೆ. ಮರಳಲ್ಲಿ ನಡೆದರೆ ಯಾರೂ ಸಿಗುವುದಿಲ್ಲ, ಆದರೆ ಕಾಲು ಸೋಲುತ್ತದೆ. ಇಂಥ ಆಯ್ಕೆಗಳನ್ನು ನಕ್ಷೆ ನೋಡದೆ, ಸಾಧ್ಯವಾದರೆ ಆ ಜಾಗಕ್ಕೆ ಹೋಗದೆ ಕಲ್ಪಿಸಿಕೊಳ್ಳಲಾಗದು.

ಚಂದ್ರನ ಲೆಕ್ಕವನ್ನೂ ಹಾಕಿಕೊಳ್ಳಿ. 1938ರ ಏಪ್ರಿಲ್ 25 ಚೈತ್ರ ಬಹುಳದ ಕೊನೆಯ ಭಾಗ, ಅಮಾವಾಸ್ಯೆಗೆ ನಾಲ್ಕೈದು ದಿನ ಮಾತ್ರ ಉಳಿದಿತ್ತು. ಅಂದರೆ ರಾತ್ರಿಯ ಬಹುಭಾಗ ಕತ್ತಲೆ, ಸವೆದ ಚಂದ್ರ ಹುಟ್ಟುವುದು ಬೆಳಗಿನ ಜಾವಕ್ಕೆ. ನನ್ನ ಹಳೆಯ ಕರಡಿನಲ್ಲಿ ಇದ್ದ ಹುಣ್ಣಿಮೆಯ ಬೆಳದಿಂಗಳು ಹೀಗೆ ಹೋಯಿತು. ಅದರ ಬದಲಿಗೆ ಒಂದು ಗಡುವು ಸಿಕ್ಕಿತು: ಚಂದ್ರ ಮೂಡುವುದರೊಳಗೆ ಅವನು ಮರಳಿನ ಬಯಲನ್ನು ಬಿಟ್ಟು ಹೊಂಗೆ ಮರಗಳ ನೆರಳಿಗೆ ಸೇರಬೇಕು. ಹಳೆಯ ಪಂಚಾಂಗ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಯಾವುದೇ ದಿನದ ತಿಥಿಯನ್ನು ತೋರಿಸುವ ಆ್ಯಪ್‌ಗಳು ಇಂದು ಫೋನಿನಲ್ಲೇ ಇವೆ.

ನಾಲ್ಕನೆಯ ಹೆಜ್ಜೆ: ಅವನನ್ನು ಹಿಡಿದುಕೊಡುವುದು ಏನು ಎಂದು ನಿರ್ಧರಿಸಿ

ಓಡುವವನನ್ನು ಗುಂಡು, ನಾಯಿ, ತಂತಿಬೇಲಿಗಳಿಗಿಂತ ಹೆಚ್ಚಾಗಿ ಹಿಡಿದುಕೊಡುವುದು ಅವನದೇ ಅಭ್ಯಾಸ ಅಥವಾ ಅವನ ಸುತ್ತಲಿನವರ ಅಭ್ಯಾಸ. ಇದಕ್ಕೆ ನಮ್ಮ ಊರಿನಲ್ಲೇ ನಡೆದದ್ದೆಂದು ಮರಾಠರ ಇತಿಹಾಸದಲ್ಲಿ ಬರುವ ಪ್ರಸಂಗವೊಂದಿದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರ ಕೈಯಿಂದ ತಪ್ಪಿಸಿಕೊಂಡು, ಯಾತ್ರಿಕನಂತೆ ವೇಷ ಮರೆಸಿಕೊಂಡು, ಪನ್ಹಾಳದಿಂದ ದಕ್ಷಿಣದ ಜಿಂಜಿ ಕೋಟೆಗೆ ಹೊರಟಿದ್ದ. ಕೆಳದಿಯ ರಾಣಿ ಚೆನ್ನಮ್ಮ ಅವನಿಗೆ ಆಶ್ರಯ ಕೊಟ್ಟು ಮುಂದಕ್ಕೆ ಕಳುಹಿಸಿದಳು, ಅದಕ್ಕಾಗಿ ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಮುಂದೆ ಆ ತಂಡ ಬೆಂಗಳೂರಿನಲ್ಲಿ ತಂಗಿದ್ದಾಗ, ಪರಿಚಾರಕನೊಬ್ಬ ರೂಢಿಯಂತೆ ರಾಜಾರಾಮನ ಕಾಲು ತೊಳೆದನಂತೆ. ಸಾಮಾನ್ಯ ಯಾತ್ರಿಕನ ಕಾಲನ್ನು ಇನ್ನೊಬ್ಬ ಯಾತ್ರಿಕ ಏಕೆ ತೊಳೆಯುತ್ತಾನೆ? ನೋಡಿದವರಿಗೆ ಅನುಮಾನ ಬಂತು, ಸುದ್ದಿ ಹೋಯಿತು. ರಾಜಾರಾಮ ಬೇರೆ ದಾರಿಯಲ್ಲಿ ಹೊರಟ. ಹಿಂದೆ ಉಳಿದ ಸಂಗಡಿಗರು ಸೆರೆಸಿಕ್ಕು, ಹಿಂಸೆ ಸಹಿಸಿಯೂ, ತಾವು ಯಾತ್ರಿಕರೇ ಎಂದು ಸಾಧಿಸಿದರು.

ಒಂದು ಚೆಂಬು ನೀರು ಒಂದು ರಾಜ್ಯದ ಹಣೆಬರಹವನ್ನು ಬದಲಿಸುವ ಹಂತಕ್ಕೆ ಬಂದಿತ್ತು. ನಿಮ್ಮ ಪಾತ್ರದ ಬದುಕಿನಲ್ಲಿ ಆ ಚೆಂಬು ನೀರು ಯಾವುದು ಎಂದು ಹುಡುಕಿ. ಮೇಷ್ಟ್ರಾದರೆ ಬೆರಳ ತುದಿಯ ಸೀಮೆಸುಣ್ಣವೇ? ಮಾತಿನ ನಡುವೆ ಯಾರದೋ ಉಚ್ಚಾರವನ್ನು ತಿದ್ದುವ ಚಟವೇ? ದೇಹದ ಕಾಯಿಲೆಯೂ ಇದೇ ಕೆಲಸ ಮಾಡುತ್ತದೆ. ಕರ್ನಾಟಕ, ತಮಿಳುನಾಡು, ಕೇರಳದ ಕಾಡುಗಳ ನಡುವೆ ವರ್ಷಗಟ್ಟಲೆ ಸಿಕ್ಕದೆ ಓಡಾಡಿದ ವೀರಪ್ಪನ್, 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ಸತ್ತದ್ದು ಕಾಡಿನೊಳಗಲ್ಲ. ಕಣ್ಣಿನ ಚಿಕಿತ್ಸೆಗೆಂದು ಆಂಬುಲೆನ್ಸ್ ಹತ್ತಿ ಹೊರಗೆ ಬಂದಾಗ.

ನಮ್ಮ ನಾಡಿನಲ್ಲಿ ತಪಾಸಣೆ ಠಾಣೆಗಿಂತ ಮೊದಲು ಎದುರಾಗುವ ಕಾವಲು ಇನ್ನೊಂದಿದೆ: ‘ಯಾವೂರು, ಯಾರ ಪೈಕಿ’ ಎಂಬ ಪ್ರಶ್ನೆ. ಗಡಿಯ ಆಚೆ ಈಚೆ ಮಾತು ಅಷ್ಟೇನೂ ಬದಲಾಗುವುದಿಲ್ಲ. ಹಿಂದೂಪುರ, ಮಡಕಶಿರಾ ಕಡೆ ಕನ್ನಡವಿದೆ, ಗೌರಿಬಿದನೂರಿನ ಕಡೆ ತೆಲುಗಿದೆ. ಹೀಗಾಗಿ ಭಾಷೆ ಅವನನ್ನು ಹಿಡಿದುಕೊಡುವುದಿಲ್ಲ. ಸಂಬಂಧಗಳ ಲೆಕ್ಕ ಹಿಡಿದುಕೊಡುತ್ತದೆ. ನನ್ನ ಈಗಿನ ಕರಡಿನಲ್ಲಿ ಮೇಷ್ಟ್ರು ಕುರಿ ಹಟ್ಟಿಯ ಮುಂದೆ ಒಬ್ಬ ಮುದುಕಿಗೆ ಸಿಕ್ಕಿಬೀಳುತ್ತಾನೆ.

“ಯಾವೂರಪ್ಪಾ ನಿಂದು?”

“ತೊಂಡೇಬಾವಿ ಕಡೆ ಕಣಜ್ಜಿ.”

“ಈ ಹೊತ್ನಾಗೆ ಎಲ್ಲಿಗೆ ಹೊಂಟೆ?”

“ಹಿಂದೂಪುರಕ್ಕೆ. ಅಕ್ಕನ ಮನೆಗೆ.”

ಮುದುಕಿ ಅವನ ಎರಡೂ ಕೈಗಳನ್ನು ನೋಡಿದಳು. “ಕೈಯಾಗೊಂದು ಗಂಟಿಲ್ದೆ ಅಕ್ಕನ ಮನೆಗೆ ಯಾರಾದ್ರೂ ಹೋಗ್ತಾರೇನಪ್ಪಾ?”

ಇಷ್ಟೇ. ಅವಳು ಕೂಗಿಕೊಳ್ಳುವುದಿಲ್ಲ, ಪೊಲೀಸರನ್ನು ಕರೆಯುವುದಿಲ್ಲ. ಆದರೆ ಅವನ ಸುಳ್ಳು ಅವಳಿಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಾಗಿದೆ. ಇಂಥ ಸಂಭಾಷಣೆ ಬರೆಯುವಾಗ ಪಾತ್ರಗಳು ಪರಸ್ಪರ ಹೇಗೆ ಕರೆಯುತ್ತಾರೆ ಎಂಬುದರ ಮೇಲೆ ಹೆಚ್ಚಿನ ಗಮನವಿರಲಿ. ಮುದುಕಿಯ ‘ಅಪ್ಪಾ’ ಮೊದಲ ಸಾಲಿನಲ್ಲಿ ವಾಡಿಕೆಯ ಮಾತು, ಕೊನೆಯ ಸಾಲಿನಲ್ಲಿ ಅದು ಮರುಕವೂ ಆಗಬಹುದು, ಎಚ್ಚರಿಕೆಯೂ ಆಗಬಹುದು.

ಐದನೆಯ ಹೆಜ್ಜೆ: ಬೆನ್ನಟ್ಟುವವನಿಗೂ ಒಂದು ಮನೆ ಕೊಡಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಅಟ್ಟಿಸಿಕೊಂಡು ಬರುವ ಜಮೇದಾರನಿಗೆ ಹೆಸರು, ಸಂಬಳ, ಹೆಂಡತಿ ಮಕ್ಕಳು, ಮೇಲಧಿಕಾರಿಯ ಭಯ ಇರಬೇಕು. ಅವನ ಮಗ ಅದೇ ಮೇಷ್ಟ್ರ ಶಾಲೆಯಲ್ಲಿ ಓದುತ್ತಿರಬಹುದು. ಗಡಿಯಲ್ಲಿ ಅವನು ನಿಂತಾಗ, ಕಾನೂನು ಅವನನ್ನು ನಿಲ್ಲಿಸಿತೋ ಅಥವಾ ಅವನೇ ನಿಲ್ಲಲು ಕಾನೂನನ್ನು ನೆಪ ಮಾಡಿಕೊಂಡನೋ ಎಂಬ ಪ್ರಶ್ನೆ ಓದುಗರಲ್ಲಿ ಉಳಿಯಬೇಕು.

ಆರನೆಯ ಹೆಜ್ಜೆ: ಇಂದಿನ ಕತೆಯಾದರೆ ಕಾನೂನನ್ನು ಸರಿಯಾಗಿ ತಿಳಿಯಿರಿ

ನಮ್ಮ ಕಾಲದ ಕತೆಗಳಲ್ಲಿ ಅತ್ಯಂತ ಹೆಚ್ಚು ಕಾಣುವ ತಪ್ಪು, ರಾಜ್ಯದ ಗಡಿಯನ್ನು ದೇಶದ ಗಡಿಯಂತೆ ಬರೆಯುವುದು. ಅತ್ತಿಬೆಲೆ ದಾಟಿದರೆ ಕರ್ನಾಟಕದ ಪೊಲೀಸರು ಏನೂ ಮಾಡಲಾರರು ಎಂಬುದು ನಿಜವಲ್ಲ. ಆರೋಪಿಯನ್ನು ಭಾರತದ ಯಾವುದೇ ಭಾಗಕ್ಕೆ ಬೆನ್ನಟ್ಟಿ ಹೋಗಿ ಬಂಧಿಸುವ ಅಧಿಕಾರ ಪೊಲೀಸರಿಗಿದೆ. 2024ರ ಜುಲೈ 1ಕ್ಕೆ ಮೊದಲು ನಡೆಯುವ ಕತೆಯಾದರೆ ಅದು ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ, ನಂತರದ್ದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ. ಹಾಗಾದರೆ ರಾಜ್ಯದ ಗಡಿ ಮಾಡುವುದೇನು? ಅದು ಹೊತ್ತನ್ನು ತಿನ್ನುತ್ತದೆ. ಸ್ಥಳೀಯ ಠಾಣೆಗೆ ತಿಳಿಸಬೇಕು, ಭಾಷೆ ಬಾರದ ಊರಿನಲ್ಲಿ ವಿಚಾರಿಸಬೇಕು, ಹಿಡಿದ ಮೇಲೆ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಕರೆತರಲು ಅನುಮತಿ ಪಡೆಯುವ ಸಂದರ್ಭ ಬರುತ್ತದೆ. ಬಂಧಿತನನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಆ 24 ಗಂಟೆ ನಿಮ್ಮ ಕೈಯಲ್ಲಿರುವ ಗಡಿಯಾರ.

ಗಡಿಯಾರದ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಬೆಂಗಳೂರಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ತಡವಾಗಿ ಹೊರಟವನು 9 ಗಂಟೆ 10 ನಿಮಿಷಕ್ಕೆ ಆ ಗೇಟಿನ ಮುಂದೆ ಬಂದು ನಿಂತರೆ, ಹುಲಿ ಮತ್ತು ಆನೆಗಳ ರಕ್ಷಣೆಗಾಗಿ ಮಾಡಿದ ನಿಯಮವೊಂದು ಅವನ ಬದುಕನ್ನು ಸುಮಾರು ಒಂಬತ್ತು ಗಂಟೆ ಕಾಲ ತೂಗುಹಾಕುತ್ತದೆ. ಅವನ ಹಿಂದೆ ನಿಂತ ಲಾರಿಯ ಚಾಲಕ ಸ್ಟೌ ಹೊತ್ತಿಸಿ ಅನ್ನಕ್ಕಿಡುತ್ತಾನೆ, ಅವನನ್ನೂ ಊಟಕ್ಕೆ ಕರೆಯುತ್ತಾನೆ.

ದೇಶದ ಗಡಿಯ ಕತೆ ಬೇರೆ. ಇಲ್ಲಿ ಪದಗಳನ್ನು ಸರಿಯಾಗಿ ಬಳಸಬೇಕು: ‘ಗಡೀಪಾರು’ ಎಂದರೆ ಒಬ್ಬನನ್ನು ಒಂದು ಪ್ರದೇಶದಿಂದ ಹೊರಗೆ ಹಾಕುವುದು, ಬೇರೆ ದೇಶದಿಂದ ಆರೋಪಿಯನ್ನು ವಿಚಾರಣೆಗಾಗಿ ಪಡೆದುಕೊಳ್ಳುವುದು ‘ಹಸ್ತಾಂತರ’. ಈ ಎರಡನ್ನೂ ಅದಲುಬದಲು ಮಾಡಿದ ಹಸ್ತಪ್ರತಿಗಳು ನನ್ನ ಕೈಗೆ ಎಷ್ಟೋ ಬಂದಿವೆ. ಇಂಟರ್‌ಪೋಲ್ ಹೊರಡಿಸುವ ರೆಡ್ ಕಾರ್ನರ್ ನೋಟಿಸ್ ಬಂಧನದ ವಾರಂಟ್ ಅಲ್ಲ, ಸದಸ್ಯ ದೇಶಗಳಿಗೆ ಮಾಡುವ ಕೋರಿಕೆ. ಅದರ ಮೇಲೆ ಏನು ಮಾಡಬೇಕೆಂದು ಆಯಾ ದೇಶವೇ ತನ್ನ ಕಾನೂನಿನಂತೆ ತೀರ್ಮಾನಿಸುತ್ತದೆ. ನೇಪಾಳಕ್ಕೆ ಭಾರತೀಯರು ಪಾಸ್‌ಪೋರ್ಟ್ ಇಲ್ಲದೆ ಹೋಗಬಹುದು ಎಂಬುದು ನಿಜ, ಆದರೆ ಎರಡು ದೇಶಗಳ ನಡುವೆ 1953ರಿಂದಲೇ ಹಸ್ತಾಂತರ ಒಪ್ಪಂದವಿದೆ. ವಿಮಾನ ನಿಲ್ದಾಣದ ದೃಶ್ಯವಾದರೆ, ಇಮಿಗ್ರೇಷನ್ ಕೌಂಟರಿನ ಹಿಂದಿನ ಕಂಪ್ಯೂಟರಿನಲ್ಲಿ, ಬೇಕಾದವನು ದೇಶ ಬಿಡದಂತೆ ಹೊರಡಿಸುವ ಲುಕ್‌ಔಟ್ ಸುತ್ತೋಲೆ ತೆರೆದುಕೊಳ್ಳುವ ಆ ಕೆಲವು ಕ್ಷಣಗಳೇ ಗಡಿ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ; ಅದಕ್ಕೆ ಮೊದಲಿನ ಕತೆಯಾದರೆ ಪಾತ್ರ ಎಚ್‌ಎಎಲ್ ನಿಲ್ದಾಣಕ್ಕೇ ಹೋಗಬೇಕು.

ಕಾನೂನನ್ನು ಇಷ್ಟೆಲ್ಲ ತಿಳಿದ ಮೇಲೆ ಅದನ್ನು ಕತೆಯಲ್ಲಿ ಹೇಳಬೇಡಿ. ಪಾತ್ರಗಳ ಬಾಯಲ್ಲಿ ಕಲಮುಗಳ ಸಂಖ್ಯೆ ಬಂದ ಕೂಡಲೇ ಕತೆ ನ್ಯಾಯಾಲಯದ ತೀರ್ಪಿನಂತೆ ಒಣಗುತ್ತದೆ. ಲೇಖಕರಿಗೆ ಗೊತ್ತಿದ್ದರೆ ಸಾಕು, ಪಾತ್ರಗಳ ನಡವಳಿಕೆಯಲ್ಲಿ ಅದು ತಾನಾಗಿ ಇಳಿಯುತ್ತದೆ.

ಏಳನೆಯ ಹೆಜ್ಜೆ: ದಾಟುವ ಗಳಿಗೆಯನ್ನು ಕೈಗೆ ಸಿಗುವಂತೆ ಬರೆಯಿರಿ

ಗಡಿ ದಾಟುವ ಗಳಿಗೆಯಲ್ಲಿ ಹೊಸಬರು ಎದೆಬಡಿತ, ಬೆವರು, ಕಣ್ಣೀರುಗಳನ್ನು ತುಂಬುತ್ತಾರೆ. ನನ್ನ ಅನುಭವದಲ್ಲಿ, ಆ ಗಳಿಗೆಯಲ್ಲಿ ಪಾತ್ರಕ್ಕೆ ಒಂದು ಸಣ್ಣ, ಅಗತ್ಯದ ಕೆಲಸ ಕೊಡುವುದು ಒಳ್ಳೆಯದು. ಹಿರಿಯರು ಹೇಳಿದ ಒರತೆಯ ಮಾತಿನಿಂದ ಹುಟ್ಟಿದ ದೃಶ್ಯ ಹೀಗಿದೆ:

‘ಮೊಣಕಾಲೂರಿ ಮರಳು ತೋಡತೊಡಗಿದ. ಮೇಲಿನ ಮರಳು ಹಗಲಿನ ಬಿಸಿಯನ್ನು ಇನ್ನೂ ಬಿಟ್ಟಿರಲಿಲ್ಲ. ಮೊಳಕೈ ಮುಳುಗುವಷ್ಟು ಆಳಕ್ಕೆ ಹೋದಾಗ ಬೆರಳಿಗೆ ತಂಪು ತಗುಲಿತು. ತೋಡಿದಷ್ಟೂ ಬದಿಯಿಂದ ಕುಸಿಯುತ್ತಿತ್ತು. ಒಂದು ಅಂಗೈಯನ್ನು ಅಡ್ಡ ಹಿಡಿದು ಇನ್ನೊಂದು ಕೈಯಲ್ಲಿ ತೋಡಿದ. ನೀರು ಊರುವ ತನಕ ಕಾಯಬೇಕು. ಹಿಂದೆ ಎಲ್ಲೋ ನಾಯಿ ಬೊಗಳಿತು, ಇನ್ನೊಂದು ಅದಕ್ಕೆ ದನಿಗೂಡಿಸಿತು. ಏಳಬೇಕೆಂದು ಗೊತ್ತಿತ್ತು, ಏಳಲಿಲ್ಲ. ಬಟ್ಟಲಿನಷ್ಟು ನೀರು ನಿಂತಿತು. ಕದಡಬಾರದೆಂದು ಪಂಚೆಯ ಚುಂಗನ್ನು ಮೆಲ್ಲಗೆ ಅದ್ದಿ ಬಾಯಿಗೆ ಹಿಂಡಿಕೊಂಡ. ಉಪ್ಪುಪ್ಪಾಗಿತ್ತು. ಮತ್ತೆ ಅದ್ದಿದ.’

ಅವನು ಗಡಿ ದಾಟಿದನೋ ಇಲ್ಲವೋ ಎಂದು ಈ ಸಾಲುಗಳು ಹೇಳುವುದಿಲ್ಲ, ಏಕೆಂದರೆ ಕತ್ತಲೆಯ ಮರಳಿನಲ್ಲಿ ಅವನಿಗೂ ಅದು ತಿಳಿಯುವಂತಿಲ್ಲ. ಬಾಯಾರಿಕೆಯಿಂದ ಅವನು ಕಳೆದುಕೊಂಡ ಆ ಸಮಯ ಮುಂದೆ ಲೆಕ್ಕಕ್ಕೆ ಬರುತ್ತದೆ. ಮರಳಿನಲ್ಲಿ ಉಳಿದ ಆ ಗುಂಡಿಯನ್ನು ಬೆಳಿಗ್ಗೆ ಜಮೇದಾರ ನೋಡುತ್ತಾನೆ, ಅದರ ತಳದಲ್ಲಿ ಅಷ್ಟು ಹೊತ್ತಿಗೆ ತಿಳಿಯಾದ ನೀರು ನಿಂತಿರುತ್ತದೆ. ಅವನಿಗೂ ಬಾಯಾರಿಕೆ ಇರುತ್ತದೆ.

ಎಂಟನೆಯ ಹೆಜ್ಜೆ: ಮರುದಿನವನ್ನು ಬರೆಯಿರಿ

ದಾಟಿದ ಮೇಲೆ ಏನು? ಇದನ್ನು ಬರೆಯುವ ಧೈರ್ಯ ಮಾಡಿದ ಕತೆಗಳೇ ನನ್ನ ಮನಸ್ಸಿನಲ್ಲಿ ಉಳಿದಿವೆ. 1908ರಲ್ಲಿ ಬ್ರಿಟಿಷರ ಬಂಧನವನ್ನು ತಪ್ಪಿಸಿಕೊಳ್ಳಲು ಕವಿ ಸುಬ್ರಹ್ಮಣ್ಯ ಭಾರತಿ ಫ್ರೆಂಚರ ಪಾಂಡಿಚೇರಿಗೆ ಹೋದರು. 1910ರಲ್ಲಿ ಅರವಿಂದರೂ ಅಲ್ಲಿಗೇ ಬಂದರು. ಅರವಿಂದರು ಅಲ್ಲೇ ನೆಲೆನಿಂತರು, ಆದರೆ ಭಾರತಿಯವರು ಹತ್ತು ವರ್ಷಗಳ ನಂತರ, 1918ರ ನವೆಂಬರ್‌ನಲ್ಲಿ, ಗಡಿ ದಾಟಿ ಬ್ರಿಟಿಷ್ ಇಂಡಿಯಾಕ್ಕೆ ಕಾಲಿಟ್ಟ ಕೂಡಲೇ ಕಡಲೂರಿನ ಬಳಿ ಬಂಧಿತರಾದರು. ಒಂದೇ ಊರಿನಲ್ಲಿ ಆಶ್ರಯ ಪಡೆದ ಇಬ್ಬರಲ್ಲಿ ಒಬ್ಬರಿಗೆ ಅದು ಮನೆಯಾಯಿತು, ಇನ್ನೊಬ್ಬರಿಗೆ ಹತ್ತು ವರ್ಷಗಳ ಕಾಯುವಿಕೆಯಾಯಿತು. ನಿಮ್ಮ ಪಾತ್ರ ಯಾವ ಬಗೆಯವನು ಎಂದು ಕೇಳಿಕೊಳ್ಳಿ. ಆಚೆ ಅವನು ಏನು ತಿನ್ನುತ್ತಾನೆ, ಯಾರಿಗೆ ಕಾಗದ ಬರೆಯುತ್ತಾನೆ, ಕಾಗದದ ಕೆಳಗೆ ಯಾವ ಹೆಸರು ಹಾಕುತ್ತಾನೆ, ಹಬ್ಬದ ದಿನ ಎಲ್ಲಿ ಕೂರುತ್ತಾನೆ ಎಂಬುದನ್ನು ಬರೆಯಿರಿ.

ನನ್ನ ಮೇಷ್ಟ್ರ ವಿಷಯಕ್ಕೆ ಬಂದರೆ, ಇತಿಹಾಸವೇ ಒಂದು ತಿರುವನ್ನು ಇಟ್ಟಿದೆ. ಗುಂಡು ಹಾರಿದ ಕೆಲವೇ ವಾರಗಳಲ್ಲಿ, 1938ರ ಮೇ ತಿಂಗಳಲ್ಲಿ, ಸರ್ದಾರ್ ಪಟೇಲರು ಮೈಸೂರು ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತುಕತೆ ನಡೆಸಿದರು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಿಗೆಯಾಯಿತು. ಯಾವುದಕ್ಕಾಗಿ ಅವನು ರಾತ್ರಿಯೆಲ್ಲ ಮರಳಲ್ಲಿ ನಡೆದನೋ ಅದು ಒಂದು ತಿಂಗಳಲ್ಲಿ ತಪ್ಪಾಗಿ ಉಳಿಯಲಿಲ್ಲ. ಅವನು ಹಿಂದೂಪುರದಲ್ಲಿ ಒಂದು ಸೀರೆ, ಎರಡು ಅಚ್ಚು ಬೆಲ್ಲ ಕೊಂಡು ಗಂಟು ಕಟ್ಟಿಕೊಂಡು ಅದೇ ದಾರಿಯಲ್ಲಿ ಹಗಲು ಹೊತ್ತಿನಲ್ಲಿ ಹಿಂತಿರುಗುತ್ತಾನೆ. ಕುರಿ ಹಟ್ಟಿಯ ಮುಂದೆ ಮುದುಕಿ ಕೂತಿರುತ್ತಾಳೆ. ಅವಳು ಈ ಸಲ ಗಂಟನ್ನು ನೋಡಿ, ಅಕ್ಕ ಚೆನ್ನಾಗಿದ್ದಾಳಾ ಎಂದು ಕೇಳುತ್ತಾಳೆ.